ವಿಶ್ವೇಶ್ವರಯ್ಯನವರೂ ಭದ್ರಾವತಿಯ ಕುಲುಮೆಯೂ

ಬೀರೂರು ಕಡೂರು ತಾಲ್ಲೂಕಿಗೆ ಸೇರಿದ ಒಂದು ಪಟ್ಟಣ. ಬೆಂಗಳೂರಿನಿಂದ ಬಂದ ರೈಲುಮಾರ್ಗ ಇಲ್ಲಿ ಎರಡು ಕವಲಾಗುತ್ತದೆ. ಒಂದು ಕವಲು ಅಜ್ಜಂಪುರದ ಬಯಲನ್ನು ಹಾದು ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಮತ್ತೊಂದು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗೆಯನ್ನು ಸೇರುತ್ತದೆ. ಈ ಎರಡನೆಯ ಮಾರ್ಗದಲ್ಲಿ ತರೀಕೆರೆಯನ್ನು ಸಮೀಪಿಸುವಾಗ ಎಡಗಡೆಯ ಕಿಟಕಿಯಿಂದ ಬಾಬಾಬುಡನ್ ಗಿರಿಶ್ರೇಣಿ ನೀಲಿಯಾಗಿ ಕಾಣಿಸುತ್ತದೆ. ಆ ಗಿರಿಗಳ ನಡುವೆ ತರೀಕೆರೆ ತಾಲ್ಲೂಕಿಗೆ ಸೇರಿದ ಕೆಮ್ಮಣ್ಣುಗುಂಡಿ ಇದೆ. ಅಲ್ಲಿಯ ಮಣ್ಣು ಕೆಂಪಾಗಿರುವುದು ಏಕೆಂಬುದನ್ನು ಊರಿನ ಹೆಸರನ್ನಿಟ್ಟವರು ವಿಚಾರಿಸಿರಲಾರರು. ಅದು ಕಬ್ಬಿಣದ ಅದಿರಿನ ಕೆಂಪು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಸೀಮೆಗೆ ಕಡೂರು ಜಿಲ್ಲೆ ಎಂದು ಹೆಸರಿತ್ತು. ಅಜ್ಜಂಪುರ ತರೀಕೆರೆ ತಾಲ್ಲೂಕಿನ ಒಳಗಿತ್ತು. ಬೆಟ್ಟದಲ್ಲಿ ಅದಿರು, ತಪ್ಪಲಿನಲ್ಲಿ ದಟ್ಟವಾದ ಕಾಡು, ಕಾಡಿನ ಅಂಚಿನಲ್ಲಿ ಭದ್ರಾ ನದಿ, ಅದರಾಚೆ ರೈಲುದಾರಿ: ಒಂದು ಕಬ್ಬಿಣದ ಕಾರ್ಖಾನೆಗೆ ಬೇಕಾದುದೆಲ್ಲವೂ ಇಲ್ಲಿ ಇತ್ತು. ಇಲ್ಲದಿದ್ದುದು ಒಂದೇ. ಇವುಗಳನ್ನು ಒಟ್ಟುಗೂಡಿಸಿ ಹಗಲಿರುಳೂ ಕೆಲಸ ನಡೆಸಬಲ್ಲ ಜನ ಇರಲಿಲ್ಲ. ಅಂಥ ಜನರನ್ನು ಹುಡುಕಿ, ತರಬೇತು ಮಾಡಿ, ಅವರ ಕೈಗೆ ಹೊಣೆಯನ್ನು ಒಪ್ಪಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರನ್ನು ನಾವು ಸಾಮಾನ್ಯವಾಗಿ ಏಕಾಂಗಿ ವೀರರಂತೆ ಭಾವಿಸುತ್ತೇವೆ. ಕನ್ನಂಬಾಡಿಯ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಸಾಬೂನಿನ ಕಾರ್ಖಾನೆ, ಎಲ್ಲವನ್ನೂ ಅವರೊಬ್ಬರೇ ಕಟ್ಟಿದರೆಂಬ ಮಾತು ಕೇಳಿಬರುತ್ತದೆ. ಇದು ಅವರಿಗೆ ಸಲ್ಲಿಸುವ ಗೌರವವೆಂದು ತೋರಿದರೂ ನಿಜವಾಗಿ ಅವರ ದೊಡ್ಡ ಗುಣವನ್ನು ಮರೆಮಾಡುತ್ತದೆ. ಒಬ್ಬರೇ ಮಾಡಿದ್ದರೆ ಅಷ್ಟು ಕೆಲಸಗಳು ಆಗುತ್ತಿರಲಿಲ್ಲ.

ಅವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಅದರಿಂದ ಬಂದ ಹಣದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದನು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದ ಅವರು ಸುಮಾರು ಕಾಲು ಶತಮಾನ ಅಲ್ಲಿ ಸೇವೆ ಸಲ್ಲಿಸಿದರು. ಸಿಂಧ್ ಪ್ರಾಂತದ ಸುಕ್ಕೂರು ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದುದು ಆ ಕಾಲದ ಕೆಲಸಗಳಲ್ಲಿ ಒಂದು.

ಮತ್ತೊಂದು ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯ ಮೇಲೆ ಬಾಗಿಲುಗಳನ್ನಿಟ್ಟರೆ ನೀರನ್ನು ಹೆಚ್ಚಾಗಿ ತಡೆದಿಡಬಹುದು; ಆದರೆ ಮಧ್ಯರಾತ್ರಿಯಲ್ಲಿ ಪ್ರವಾಹ ಬಂದಾಗ ಆ ಬಾಗಿಲುಗಳನ್ನು ತೆರೆಯುವವರು ಯಾರು? ಕಾವಲುಗಾರನು ನಿದ್ರೆ ಹೋದರೆ ಕಟ್ಟೆಯೇ ಒಡೆದೀತು. ವಿಶ್ವೇಶ್ವರಯ್ಯನವರು ನೀರಿನ ಏರಿಳಿತದಿಂದಲೇ ಚಲಿಸುವ ಬಾಗಿಲುಗಳನ್ನು ರಚಿಸಿದರು. ಬಾಗಿಲಿನ ಭಾರಕ್ಕೆ ಪ್ರತಿಯಾಗಿ ಇನ್ನೊಂದು ಭಾರವನ್ನು ತೂಗಿಬಿಟ್ಟು, ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಆ ಸಮತೋಲ ತಪ್ಪಿ ಬಾಗಿಲು ತಾನಾಗಿ ತೆರೆಯುವಂತೆಯೂ, ನೀರು ಇಳಿದಾಗ ತಾನಾಗಿ ಮುಚ್ಚುವಂತೆಯೂ ಏರ್ಪಡಿಸಿದರು. 1903ರಲ್ಲಿ ಅವು ಕೆಲಸ ಮಾಡತೊಡಗಿದವು. ಮುಂದೆ ಗ್ವಾಲಿಯರ್ ಸಂಸ್ಥಾನದ ಟಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇದೇ ಮಾದರಿಯ ಬಾಗಿಲುಗಳನ್ನು ಅಳವಡಿಸಲಾಯಿತು. ಕಣ್ಣುಮುಚ್ಚದೆ ಕಾಯುವ ಕೆಲಸವನ್ನು ಅವರು ಯಂತ್ರಕ್ಕೆ ವಹಿಸಿದರು. ಆದರೆ ಎಷ್ಟು ನೀರನ್ನು ನಿಲ್ಲಿಸಬೇಕು, ಅದು ಯಾರ ಹೊಲಕ್ಕೆ ಹೋಗಬೇಕು ಎಂಬ ನಿರ್ಧಾರವನ್ನು ವಹಿಸಲಿಲ್ಲ. ಇಂದು ಹೊಸ ಉದ್ಯಮಗಳನ್ನು ಕಟ್ಟುವ ತರುಣರು ಗಣಕಯಂತ್ರದ ಬುದ್ಧಿಗೆ ತಮ್ಮ ಕೆಲಸದ ಒಂದು ಪಾಲನ್ನು ಒಪ್ಪಿಸುತ್ತಿದ್ದಾರೆ. ಯಾವ ಪಾಲನ್ನು ಒಪ್ಪಿಸಬಹುದೆಂಬ ಪ್ರಶ್ನೆ ಅವರ ಮುಂದೆಯೂ ಇದೆ.

ಮುಂಬಯಿ ಪ್ರಾಂತದಲ್ಲಿ ಅವರ ಕೀರ್ತಿ ಬೆಳೆಯಿತು. ಹಿರಿಯರಾದ ಹಲವರನ್ನು ದಾಟಿ ಬಡ್ತಿಯೂ ದೊರೆಯಿತು. ಆದರೂ ಇಲಾಖೆಯ ಅತ್ಯುನ್ನತ ಪದವಿ ಭಾರತೀಯನೊಬ್ಬನಿಗೆ ಸಿಗುವ ಕಾಲ ಅದಾಗಿರಲಿಲ್ಲ. ಯೋಗ್ಯತೆಗಿಂತ ಹುಟ್ಟೇ ಮೇಲೆನಿಸುವ ನೇಮಕದ ಕಹಿಯನ್ನು ಅವರು ಸ್ವತಃ ಉಂಡರು. 1908ರಲ್ಲಿ, ಪೂರ್ಣ ಅವಧಿ ಮುಗಿಯುವ ಮೊದಲೇ, ಅವರು ಆ ಕೆಲಸವನ್ನು ತೊರೆದರು. ಪ್ರವಾಹದಿಂದ ನೊಂದಿದ್ದ ಹೈದರಾಬಾದಿಗೆ ಸಲಹೆಗಾರರಾಗಿ ಹೋಗಿ, 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದರು. ಮೂರು ವರ್ಷಗಳ ಬಳಿಕ, 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆ ಪದವಿಯನ್ನು ಒಪ್ಪಿಕೊಳ್ಳುವ ಮೊದಲು ಅವರು ತಾಯಿಯನ್ನೂ ಬಂಧುಗಳನ್ನೂ ಕರೆದು, ಯಾರೂ ತಮ್ಮಿಂದ ಉದ್ಯೋಗವನ್ನಾಗಲಿ ಶಿಫಾರಸನ್ನಾಗಲಿ ಬಯಸಬಾರದೆಂದು ಮಾತು ತೆಗೆದುಕೊಂಡರೆಂದು ಹೇಳುತ್ತಾರೆ.

ದಿವಾನರ ಮೇಜಿನ ಮೇಲೆ ಇಡೀ ಸಂಸ್ಥಾನದ ಕಾಗದಗಳು ಬಂದು ಬೀಳುತ್ತವೆ. ಎಲ್ಲವನ್ನೂ ತಾನೇ ಓದಿ ತಾನೇ ನಿರ್ಧರಿಸುವೆನೆಂದು ಕುಳಿತರೆ ಹೊಸದೇನನ್ನೂ ಮಾಡಲು ಬಿಡುವಿರದು. ವಿಶ್ವೇಶ್ವರಯ್ಯನವರು ಇದಕ್ಕೆ ಮುಂಚಿತವಾಗಿಯೇ ಒಂದು ದಾರಿಯನ್ನು ಕಂಡುಕೊಂಡಿದ್ದರು. ಅವರು ಮುಖ್ಯ ಇಂಜಿನಿಯರಾಗಿದ್ದಾಗಲೇ, 1911ರಲ್ಲಿ, ಮೈಸೂರು ಆರ್ಥಿಕ ಸಮ್ಮೇಳನವೆಂಬ ಸಂಸ್ಥೆ ಅವರ ಸೂಚನೆಯಂತೆ ಆರಂಭವಾಗಿತ್ತು. ಅದರಲ್ಲಿ ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳಿದ್ದವು. ಸರ್ಕಾರಿ ಅಧಿಕಾರಿಗಳ ಜೊತೆಯಲ್ಲಿ ರೈತರನ್ನೂ ವರ್ತಕರನ್ನೂ ವಿದ್ಯಾವಂತರನ್ನೂ ಕೂರಿಸಿ ಯೋಚಿಸುವ ಏರ್ಪಾಡು ಅದು. ಮುಂದೆ ಜಿಲ್ಲೆಗಳಲ್ಲಿಯೂ ಸಮಿತಿಗಳಾದವು. ಮಲೇರಿಯಾದಿಂದ ಜನಸಂಖ್ಯೆ ಕ್ಷೀಣಿಸುತ್ತಿದ್ದ ಕಡೂರು, ಶಿವಮೊಗ್ಗ ಜಿಲ್ಲೆಗಳ ಮಲೆನಾಡಿಗೆ ಪ್ರತ್ಯೇಕವಾದ ಮಲೆನಾಡು ಅಭಿವೃದ್ಧಿ ಯೋಜನೆಯೂ ಬಂದಿತು.

ಸಮಿತಿ ಕೂಡಿದ ಮಾತ್ರಕ್ಕೆ ಕೆಲಸವಾಗದೆಂಬುದು ಅವರಿಗೆ ತಿಳಿದಿತ್ತು. ಪ್ರತಿಯೊಂದು ಯೋಜನೆಗೂ ಅದನ್ನೇ ಬಲ್ಲ ಒಬ್ಬ ವ್ಯಕ್ತಿ ಬೇಕು. ಮೈಸೂರಿನ ಶ್ರೀಗಂಧದ ಕಥೆಯನ್ನು ನೋಡಿರಿ. ಸಂಸ್ಥಾನದ ಕಾಡುಗಳಲ್ಲಿ ಬೆಳೆದ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಲು ಮರವನ್ನು ಕೊಳ್ಳುವವರಿಲ್ಲದಂತಾಯಿತು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಮದರಾಸಿನಿಂದ ಬಂದಿದ್ದ ಆಲ್‌ಫ್ರೆಡ್ ಚಾಟರ್ಟನ್ನರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರೂ ಕೂಡಿ ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಆ ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆಯನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳೆಂಬ ತರುಣ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ದಿವಾನರು ಸಾಬೂನು ಮಾಡುವುದನ್ನು ಕಲಿಯಲಿಲ್ಲ. ಕಲಿಯಬಲ್ಲವನನ್ನು ಗುರುತಿಸಿದರು.

ವ್ಯವಸಾಯ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ 1908ರಿಂದಲೂ ಇದ್ದರು. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಮಾಡುತ್ತಿದ್ದ ಕೊಳೆರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೈತರಿಗೆ ತೋರಿಸಿಕೊಟ್ಟವರು ಅವರು. ಅವರು 1913ರಲ್ಲಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆಯೂ ಆ ಕಾಲದಲ್ಲಿಯೇ ತೆರೆಯಿತು. ಇಂಥ ನೇಮಕದ ಫಲ ನೇಮಕ ಮಾಡಿದವರ ಅಧಿಕಾರಾವಧಿಯೊಂದಿಗೆ ಮುಗಿಯುವುದಿಲ್ಲ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಎಷ್ಟೋ ವರ್ಷಗಳ ಮೇಲೆ, 1923ರಲ್ಲಿ, ಒಂದು ಕಾಲದಲ್ಲಿ ಸೈನ್ಯದ ಸಾಮಾನುಗಳನ್ನು ಎಳೆಯುತ್ತಿದ್ದ ಅಮೃತಮಹಲ್ ದನಗಳ ಹೊಣೆ ಸೈನ್ಯದ ಇಲಾಖೆಯಿಂದ ವ್ಯವಸಾಯ ಇಲಾಖೆಗೆ ಬಂತು. 1929ರಲ್ಲಿ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರ ಸ್ಥಾಪನೆಯಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನೆ ಆರಂಭವಾದುದೂ ಕೋಲ್ಮನ್ನರ ಕಾಲದಲ್ಲಿಯೇ.

ಇಷ್ಟಾದರೂ ಯಾರನ್ನು ನೇಮಿಸಬೇಕು ಎಂಬ ಪ್ರಶ್ನೆಯೇ ವಿಶ್ವೇಶ್ವರಯ್ಯನವರ ದಿವಾನಗಿರಿಯನ್ನು ಕೊನೆಗಾಣಿಸಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಕಾಲದಲ್ಲಿ ಸಂಸ್ಥಾನದ ಉದ್ಯೋಗಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿತ್ತು. ಉಳಿದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿಕೊಂಡು ತಮಗೂ ನ್ಯಾಯವಾದ ಪಾಲು ಬೇಕೆಂದು ಮಹಾರಾಜರಲ್ಲಿ ಬಿನ್ನವಿಸಿದರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದವರಿಗೆ ದೊರೆಯಬೇಕೆಂದು ಆ ಸಮಿತಿ ಮರುವರ್ಷ ಶಿಫಾರಸು ಮಾಡಿತು. ನೇಮಕಕ್ಕೆ ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ವಿದ್ಯೆಯನ್ನು ಹರಡಿದರೆ ಉಳಿದುದು ತಾನಾಗಿ ಸರಿಹೋಗುವುದು ಎಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ವಿದ್ಯೆಯನ್ನು ಹರಡಲು ಅವರು ನಿಜವಾಗಿಯೂ ಶ್ರಮಿಸಿದ್ದರು. 1913ರ ಪ್ರಾಥಮಿಕ ಶಿಕ್ಷಣದ ಕಾಯಿದೆ ಅವರ ಕಾಲದ್ದೇ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಂಡ ಹುಡುಗನಿಗೂ ತಲೆಮಾರುಗಳಿಂದ ಓದುಬರಹವಿದ್ದ ಮನೆಯ ಹುಡುಗನಿಗೂ ಒಂದೇ ಅಳತೆಗೋಲನ್ನು ಹಿಡಿದರೆ ಅದು ಸಮನಾಗುವುದೇ ಎಂಬ ಪ್ರಶ್ನೆಗೆ ಅವರ ನಿಲುವಿನಲ್ಲಿ ಉತ್ತರವಿರಲಿಲ್ಲ. ಮುಂಬಯಿಯಲ್ಲಿ ಹುಟ್ಟಿನ ಕಾರಣದಿಂದ ಬಾಗಿಲು ಮುಚ್ಚಿದ್ದನ್ನು ಕಂಡವರು ಮೈಸೂರಿನ ಮುಚ್ಚಿದ ಬಾಗಿಲನ್ನು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲವೆಂದು ಇಂದು ನಮಗೆ ಅನ್ನಿಸುತ್ತದೆ. ಮಹಾರಾಜರು ತಮ್ಮ ಮಾರ್ಗದಲ್ಲಿ ಮುಂದುವರಿದರು. ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ದಿವಾನ ಪದವಿಯಿಂದ ಹೊರಬಂದರು.

ಅಧಿಕಾರವನ್ನು ಬಿಡುವ ಮೊದಲು ಅವರು ಬೀಜ ಹಾಕಿದ್ದ ಯೋಜನೆಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಒಂದು. ಕಬ್ಬಿಣವನ್ನು ಕರಗಿಸಲು ಸಾಮಾನ್ಯವಾಗಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬೇಕು. ಮೈಸೂರಿನಲ್ಲಿ ಕಲ್ಲಿದ್ದಲಿಲ್ಲ. ಆದುದರಿಂದ ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಬಳಸುವುದೆಂದು ನಿಶ್ಚಯವಾಯಿತು. ಸೌದೆಯನ್ನು ಬಯಲಿನಲ್ಲಿ ಸುಟ್ಟರೆ ಹೊಗೆಯೆಲ್ಲ ಗಾಳಿಯ ಪಾಲು. ಗಾಳಿಯಾಡದ ದೊಡ್ಡ ಪಾತ್ರೆಗಳಲ್ಲಿಟ್ಟು ಕಾಯಿಸಿದರೆ ಆ ಹೊಗೆಯನ್ನು ತಣಿಸಿ ಮರದ ಮದ್ಯಸಾರ, ಆಸಿಟೇಟ್, ಟಾರು ಮೊದಲಾದ ಬೆಲೆಬಾಳುವ ವಸ್ತುಗಳನ್ನು ಪಡೆಯಬಹುದು. ಹೀಗೆ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಬ್ಬಿಣದ ಜೊತೆಗೆ ಸೌದೆಯ ಭಟ್ಟಿಯೂ ಸೇರಿಕೊಂಡಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಇಂಜಿನಿಯರುಗಳ ಸಂಸ್ಥೆ ನಕ್ಷೆಗಳನ್ನು ಸಿದ್ಧಪಡಿಸಿತು. ಯುದ್ಧದಿಂದಾಗಿ ಯಂತ್ರಗಳ ಬೆಲೆ ಏರಿತು, ಸಾಮಗ್ರಿ ತಡವಾಯಿತು, ಖರ್ಚು ಮೊದಲ ಅಂದಾಜನ್ನು ಮೀರಿತು. ಕೊನೆಗೆ 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು.

ಬೆಂಕಿಯೇನೋ ಬಿದ್ದಿತು; ಲಾಭ ಬರಲಿಲ್ಲ. ಯುದ್ಧಾನಂತರ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ಮುಖ್ಯ ಸ್ಥಾನಗಳಲ್ಲಿ ಹೆಚ್ಚಿನ ಸಂಬಳದ ಅಮೆರಿಕದ ತಜ್ಞರಿದ್ದರು. ಸಂಸ್ಥಾನದ ಹಣವನ್ನು ಕಾಡಿನಲ್ಲಿ ಸುರಿದಂತಾಯಿತೆಂದು ಟೀಕಿಸಿದವರು ಹಲವರು. ದಿವಾನ ಪದವಿಯಿಂದ ಇಳಿದು ಅಮೆರಿಕ, ಯುರೋಪು, ಜಪಾನುಗಳನ್ನು ಸುತ್ತಿ ಬಂದಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಮತ್ತೆ ಕರೆದು, ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿತು. ಆಗ ಅವರ ವಯಸ್ಸು ಅರವತ್ತನ್ನು ದಾಟಿತ್ತು.

ಊದುಕುಲುಮೆಯ ಸ್ವಭಾವವನ್ನು ಅರಿತರೆ ಅವರ ಮುಂದಿದ್ದ ಕಷ್ಟ ಅರ್ಥವಾದೀತು. ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಬೆಟ್ಟದಿಂದ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ಹಳಿಗಳ ಟ್ರಾಮಿನಲ್ಲಿ ಭದ್ರಾವತಿಗೆ ಬರುತ್ತಿತ್ತು. ಕಾಡಿನಿಂದ ಸೌದೆ ಬರಬೇಕು, ಸೌದೆ ಇದ್ದಿಲಾಗಬೇಕು, ಬೇರೊಂದು ಕಡೆಯಿಂದ ಸುಣ್ಣಕಲ್ಲು ಬರಬೇಕು. ಈ ಮೂರನ್ನೂ ಅಳತೆಯಂತೆ ಕುಲುಮೆಯ ಬಾಯಿಗೆ ಸುರಿದು ಕೆಳಗಿನಿಂದ ಬಿಸಿಗಾಳಿಯನ್ನು ಊದುತ್ತಲೇ ಇರಬೇಕು. ಒಮ್ಮೆ ಹೊತ್ತಿಸಿದ ಕುಲುಮೆಯನ್ನು ಸಂಜೆಗೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಒಳಗಿನ ಕಬ್ಬಿಣ ಹೆಪ್ಪುಗಟ್ಟಿದರೆ ಕುಲುಮೆಯೇ ಹಾಳು. ಹಬ್ಬವಿರಲಿ, ಮಳೆಯಿರಲಿ, ಪಾಳಿಯ ಮೇಲೆ ಪಾಳಿ ಕೆಲಸ ನಡೆಯಬೇಕು. ಒಬ್ಬ ಪಾಳಿಯವನು ಕಂಡದ್ದನ್ನು ಮುಂದಿನ ಪಾಳಿಯವನಿಗೆ ತಿಳಿಸಿ ಹೋಗಬೇಕು. ಎಂಥ ಶ್ರದ್ಧಾವಂತನಾದರೂ ಒಬ್ಬನೇ ಇದನ್ನು ಕಾಯಲಾರ. ಕಾಡಿನಲ್ಲಿರುವ ಮೇಸ್ತ್ರಿ, ಬೆಟ್ಟದಲ್ಲಿರುವ ಗಣಿಯ ಅಧಿಕಾರಿ, ಕುಲುಮೆಯ ಬಳಿ ನಿಂತ ಫೋರ್‌ಮನ್, ಇವರಲ್ಲಿ ಪ್ರತಿಯೊಬ್ಬನೂ ಅಧ್ಯಕ್ಷರನ್ನು ಕೇಳದೆ ತನ್ನ ಮಟ್ಟದಲ್ಲಿ ನಿರ್ಧರಿಸುವ ಅಧಿಕಾರವುಳ್ಳವನಾಗಿರಬೇಕು.

ಹಾಗಾದರೆ ಅಧ್ಯಕ್ಷರ ಕೆಲಸವೇನು? ವಿಶ್ವೇಶ್ವರಯ್ಯನವರು ಲೆಕ್ಕವನ್ನು ಹಿಡಿದರು. ಎಷ್ಟು ಅದಿರಿಗೆ ಎಷ್ಟು ಇದ್ದಿಲು ಬಿದ್ದಿತು, ಒಂದು ಟನ್ ಕಬ್ಬಿಣಕ್ಕೆ ಎಷ್ಟು ವೆಚ್ಚವಾಯಿತು, ಯಾವ ಶಾಖೆಯಲ್ಲಿ ಸೋರಿಕೆಯಿದೆ ಎಂಬುದು ಅವರ ಕಣ್ಣಿಗೆ ಬೀಳುತ್ತಿತ್ತು. ಹೊಣೆಯನ್ನು ಕೊಟ್ಟವನು ಲೆಕ್ಕವನ್ನು ಕೇಳದಿದ್ದರೆ ಅದು ಹೊಣೆ ವಹಿಸುವುದಲ್ಲ, ಹೊಣೆಯಿಂದ ಜಾರಿಕೊಳ್ಳುವುದು. ವೆಚ್ಚವನ್ನು ತಗ್ಗಿಸಿದರು, ಕೆಲಸದ ವ್ಯವಸ್ಥೆಯನ್ನು ತಿದ್ದಿದರು. ಎಲ್ಲಕ್ಕಿಂತ ಹೆಚ್ಚಾಗಿ, ವಿದೇಶೀ ತಜ್ಞರ ಸ್ಥಾನಗಳಿಗೆ ಕ್ರಮಕ್ರಮವಾಗಿ ನಮ್ಮವರನ್ನು ತಂದರು.

ಈ ಕೊನೆಯ ಕೆಲಸ ಹೇಳುವಷ್ಟು ಸುಲಭವಲ್ಲ. ಅನುಭವಿಯಾದ ಪರದೇಶಿಯನ್ನು ಕಳುಹಿಸಿ ಅನುಭವವಿಲ್ಲದ ತರುಣನನ್ನು ಕುಲುಮೆಯ ಮುಂದೆ ನಿಲ್ಲಿಸಿದ ದಿನ ಏನಾದರೂ ತಪ್ಪಿದರೆ ನಿಂದೆ ಬರುವುದು ನಿಲ್ಲಿಸಿದವರಿಗೆ. ಆದರೆ ಆ ತರುಣನು ಎಂದೂ ಮುಂದೆ ನಿಲ್ಲದಿದ್ದರೆ ಎಂದೂ ಕಲಿಯಲಾರ. ವಿಶ್ವೇಶ್ವರಯ್ಯನವರು ಆ ನಿಂದೆಗೆ ಅಂಜಲಿಲ್ಲ. ಭದ್ರಾವತಿಯ ಬೀಡುಕಬ್ಬಿಣ ಅಮೆರಿಕ, ಜಪಾನುಗಳ ಮಾರುಕಟ್ಟೆಗೂ ಹೋಯಿತು. ಕಬ್ಬಿಣದ ಬೆಲೆ ಕುಸಿದಿದ್ದ ಆ ವರ್ಷಗಳಲ್ಲಿ ಕಾರ್ಖಾನೆ ಮುಚ್ಚದೆ ಉಳಿದುದೇ ಒಂದು ಸಾಧನೆ. ಇದಕ್ಕಾಗಿ ಭದ್ರಾ ತಪ್ಪಲಿನ ಕಾಡು ತೆತ್ತ ಬೆಲೆಯನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಲೆಕ್ಕದಲ್ಲಿ ಅಷ್ಟು ನಿಷ್ಠುರರಾದ ವಿಶ್ವೇಶ್ವರಯ್ಯನವರ ಪುಸ್ತಕದಲ್ಲಿಯೂ ಆ ಕಲಮು ಇರಲಿಲ್ಲವೆಂದೇ ಹೇಳಬೇಕು.

1929ರಲ್ಲಿ ಅವರು ಅಧ್ಯಕ್ಷತೆಯಿಂದ ನಿವೃತ್ತರಾದರು. ಸ್ಥಾಪಕನು ಹೊರಟುಹೋದ ಮೇಲೆ ಸಂಸ್ಥೆ ಏನಾಗುವುದೆಂಬುದೇ ಅವನ ಕೆಲಸದ ಪರೀಕ್ಷೆ. ಭದ್ರಾವತಿಯಲ್ಲಿ ಅವರಿಲ್ಲದೆ 1936ರಲ್ಲಿ ಉಕ್ಕಿನ ಘಟಕ ಆರಂಭವಾಯಿತು. 1938ರಲ್ಲಿ ಸಿಮೆಂಟ್ ಕಾರ್ಖಾನೆಯೂ ಬಂದಿತು. ಬೆಂಕಿಪುರವೆಂಬ ಹಳೆಯ ಹೆಸರಿನ ಊರು ಸಾವಿರಾರು ಕಾರ್ಮಿಕ ಕುಟುಂಬಗಳ ಪಟ್ಟಣವಾಗಿ ಬೆಳೆಯಿತು. ತರೀಕೆರೆಯ ಸುತ್ತಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಕೆಲಸಕ್ಕೆ ಸೇರಿದರು. ಕೃಷ್ಣರಾಜಸಾಗರದ ವಿಷಯವೂ ಹೀಗೆಯೇ. 1911ರಲ್ಲಿ ಅವರ ಯೋಜನೆಯಂತೆ ಆರಂಭವಾದ ಆ ಕಟ್ಟೆ ಪೂರ್ಣಗೊಳ್ಳುವ ಹೊತ್ತಿಗೆ ಇಪ್ಪತ್ತು ವರ್ಷಗಳು ಸಂದಿದ್ದವು. ಅಷ್ಟರಲ್ಲಿ ಅನೇಕ ಇಂಜಿನಿಯರುಗಳು ಒಬ್ಬರ ತರುವಾಯ ಒಬ್ಬರು ಅದರ ಹೊಣೆ ಹೊತ್ತಿದ್ದರು. ಅವರ ಹೆಸರುಗಳನ್ನು ನಾವು ಮರೆತಿದ್ದರೆ ಅದು ವಿಶ್ವೇಶ್ವರಯ್ಯನವರ ತಪ್ಪಲ್ಲ, ನಮ್ಮದು.

ಭದ್ರಾವತಿಯ ಕಾರ್ಖಾನೆಗೆ 1970ರ ದಶಕದಲ್ಲಿ ಅವರ ಹೆಸರನ್ನಿಡಲಾಯಿತು. ಅದನ್ನು ನೋಡಲು ಅವರು ಇರಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದು, ನೂರು ವರ್ಷಗಳ ಬಾಳನ್ನು ತುಂಬಿ, 1962ರ ಏಪ್ರಿಲ್ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಅವರ ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದುದಕ್ಕೆ ಸರ್ಕಾರದಿಂದ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆ ಒಂದು ಲಕ್ಷ ರೂಪಾಯಿಗಳನ್ನು ಮೀರಿತ್ತು. ಅದನ್ನು ಅವರು ತಾವು ತೆಗೆದುಕೊಳ್ಳಲಿಲ್ಲ. ತರುಣರಿಗೆ ಕೈಕಸಬಿನ, ಯಂತ್ರದ ಕೆಲಸದ ವಿದ್ಯೆಯನ್ನು ಕಲಿಸುವ ಒಂದು ಶಾಲೆಗೆ ಆ ಹಣವನ್ನು ವಿನಿಯೋಗಿಸಬೇಕೆಂದು ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಆರಂಭವಾಯಿತು. ಅದಕ್ಕೆ ಅವರ ಹೆಸರನ್ನಿಡುವ ಮಾತು ಬಂದಾಗ ಅವರು ಒಪ್ಪದೆ ಮಹಾರಾಜರ ಹೆಸರನ್ನು ಸೂಚಿಸಿದರು. ಶ್ರೀ ಜಯಚಾಮರಾಜೇಂದ್ರರ ಹೆಸರಿನ ಆ ಸಂಸ್ಥೆಯಲ್ಲಿ ಕಲಿತವರು ನಾಡಿನ ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ನಿಂತರು.